ಮತ್ತೆ ಮರಗಾಲೇರಿದ ಜೆಸೆಲ್‌ಗೆ

ಜೆಸೆಲ್, ನನ್ನ ಕೂಸೇ,

ಬೆಳಗಾದರೂ ನೀನಿನ್ನೂ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದೀಯ. ಎಬ್ಬಿಸಿ ಹೇಳೋಣವೆಂದರೆ ನಿನ್ನೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿದೆ. ಅದಕ್ಕೇ ಈ ಕಾಗದ. ನಡೆದದ್ದೆಲ್ಲ ನಿನಗೆ ಗೊತ್ತು ನಿಜ, ಆದರೆ ನೀನು ಮೇಲಿದ್ದೆ. ಕೆಳಗೆ ನಿಂತವಳಿಗೆ ಅದು ಹೇಗೆ ಕಂಡಿತೆಂದು ನಾನೇ ಹೇಳಬೇಕು.

ಎರಡು ವರ್ಷದ ಹಿಂದಿನ ಕಾರ್ನಿವಲ್‌ನಲ್ಲಿ ಮರಗಾಲಿನಿಂದ ಬಿದ್ದು ನೀನು ತೊಡೆ ಮುರಿದುಕೊಂಡೆ. ಮೂಳೆ ಕೂಡಿತು, ಆದರೆ ನೀನು ಮತ್ತೆ ಮರಗಾಲು ಕಟ್ಟಲಿಲ್ಲ. ನಾನೂ ಕಟ್ಟು ಎನ್ನಲಿಲ್ಲ. ನಿನಗೆ ಕಲಿಸಿದ ಥಿಯೋ ಮಾಮನ ಅಂಗಳದಲ್ಲಿ, ನಮ್ಮ ಟ್ರಿನಿಡಾಡ್ ನೋಡಲು ಬರುವ ಪ್ರವಾಸಿಗರಿಗೆ, ನೆಲದ ಮೇಲೆ ನಿಂತುಕೊಂಡೇ ಮರಗಾಲು ಕಲಿಸತೊಡಗಿದೆ. ಮಾಮನ ತಂಡದ ಹುಡುಗರು ಮರಗಾಲ ಮೇಲಿನಿಂದಲೇ ಕೆಣಕುತ್ತಿದ್ದರು: "ಏನ್ ಟೀಚರಮ್ಮಾ, ಕೆಳಗಡೆ ಗಾಳಿ ಹೆಂಗಿದೆ?" ನೀನು ನಕ್ಕುಬಿಡುತ್ತಿದ್ದೆ. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ನಿನ್ನೆ ನಿನ್ನ ಪ್ರವಾಸಿಗರು ಮರಗಾಲು ಕಟ್ಟಿಕೊಂಡು, ಮೆರವಣಿಗೆ ಸೇರುವ ಮೈದಾನಕ್ಕೆಂದು ನಮ್ಮ ಬೆಲ್ಮಾಂಟ್ ಕೇರಿಯ ಬೀದಿಗಿಳಿದರು. ಅವರಲ್ಲಿ ನಾರ್ವೆಯ ಬ್ರಿಟ್, ಕೆಲಸದಿಂದ ನಿವೃತ್ತಳಾದ ಮೇಷ್ಟ್ರಮ್ಮ, ಎಲ್ಲರಿಗಿಂತ ಚೆನ್ನಾಗಿ ನಡೆಯುತ್ತಿದ್ದಳು. ಅಷ್ಟರಲ್ಲಿ ತಿರುವಿನಲ್ಲಿ ಹಾಡಿನ ಲಾರಿ ಬಂತು. ರಸ್ತೆಯೇ ನಡುಗುವಂಥ ಸದ್ದು. ಬೆಚ್ಚಿದ ಬ್ರಿಟ್ ಯಾರದೋ ಕಾಂಪೌಂಡಿನಿಂದ ಹೊರಚಾಚಿದ್ದ ಮಾವಿನ ಕೊಂಬೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಲಾರಿ ಹೋಯಿತು, ಅವಳು ಬಿಡಲಿಲ್ಲ.

"ಅಕ್ಕೋ, ಕಾಯಿ ಇನ್ನೂ ಬಲಿತಿಲ್ಲ, ಬಿಟ್ಬಿಡಿ!" ಎಂದು ಯಾರೋ ಕೂಗಿದರು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳ ಪೂರ್ತಿ ಭಾರ ಕೊಂಬೆಯ ಮೇಲೇ ಇರುವುದು ಕಂಡಿತು. ಕೊಂಬೆ ಲಟಲಟ ಎನ್ನುತ್ತಿತ್ತು. ಹುಡುಗರ ತಂಡ ಆಗಲೇ ಮೈದಾನ ಸೇರಿತ್ತು, ಉಳಿದ ಪ್ರವಾಸಿಗರಿಗೆ ತಮ್ಮ ಮರಗಾಲು ನಿಭಾಯಿಸುವುದೇ ಸಾಕಾಗಿತ್ತು. ಕೆಳಗಿನಿಂದ ಚಾಚಿದ ಕೈಗಳು ಅವಳ ಮೊಣಕಾಲಿಗೂ ಎಟುಕುತ್ತಿರಲಿಲ್ಲ.

ಥಿಯೋ ಮಾಮ ನಿನ್ನನ್ನು ನೋಡಿದ. ನೀನೇ ಅಂಗಡಿಯ ಗೋಡೆ ಹತ್ತಿ ಕುಳಿತೆ. ಮಾಮ ಮರಗಾಲು ತಂದ. ನೀನು ಪಟ್ಟಿ ಸುತ್ತಿಕೊಳ್ಳಹೋದೆ, ಎರಡು ಸಲವೂ ಗಂಟು ಬಿಚ್ಚಿಕೊಂಡಿತು. ಆಗ ಅಂದೆಯಲ್ಲ: "ಅಮ್ಮಾ, ನೀನೇ ಕಟ್ಟೇ. ಗಟ್ಟಿಯಾಗಿ ಕಟ್ಟು."

ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು ಕಟ್ಟಿದೆ. ಅಂಥ ಗಂಟು ನನ್ನ ಜನ್ಮದಲ್ಲಿ ಹಾಕಿಲ್ಲ.

ನೀನು ಎದ್ದು ನಿಂತಾಗ ಬೀದಿಯ ಜನ ಹಿಂದೆ ಸರಿದು ಜಾಗ ಬಿಟ್ಟರು. ಮೊದಲ ಹೆಜ್ಜೆ ಓಲಾಡಿತು. ಎರಡನೆಯದರಲ್ಲಿ ನಿನ್ನ ಸೊಂಟಕ್ಕೆ ಹಳೆಯ ಲಯ ನೆನಪಾಯಿತು. ಕೊಂಬೆಯ ಹತ್ತಿರ ಹೋಗಿ ನೀನು ಅವಳಿಗೆ ಹೇಳಿದ್ದು ಕೆಳಗೆ ನನಗೂ ಕೇಳಿಸಿತು: "ಬ್ರಿಟ್, ನನ್ನ ಮುಖ ನೋಡಿ. ನಂಗೂ ಜೀವ ಬಾಯಿಗೆ ಬಂದಿದೆ. ನಿಂತ್ರೆ ಬೀಳ್ತೀವಿ, ನಡೀತಾ ಇದ್ರೆ ಬೀಳಲ್ಲ. ಕೈ ಕೊಡಿ."

ಅವಳು ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು.

ಗೋಡೆಯ ಹತ್ತಿರ ಕರೆತಂದು ಇಳಿಸುತ್ತೀಯೆಂದು ನಾನು ಅಲ್ಲೇ ಕಾದೆ. ಬ್ರಿಟ್ ಗೋಡೆ ನೋಡಿ ಬೇಡವೆಂದು ತಲೆಯಾಡಿಸಿ, "ಇಳಿಯೋದಾ? ಮೈದಾನ ಎಲ್ಲಿ?" ಎಂದಳು. ನೀನು ಗಹಗಹಿಸಿ ನಕ್ಕೆ. ಎರಡು ವರ್ಷದಿಂದ ಆ ನಗು ನಾನು ಕೇಳಿರಲಿಲ್ಲ ಮಗಳೇ.

ಇಬ್ಬರೂ ಕೈಹಿಡಿದು ಹೊರಟಿರಿ. ನಾನು ಒಂದು ಚಪ್ಪಲಿ ಎಲ್ಲೋ ಬಿಟ್ಟು, ಕತ್ತು ಮೇಲೆತ್ತಿಕೊಂಡು, ಕಂಡಕಂಡವರನ್ನು ತಳ್ಳುತ್ತಾ ಓಡಿದೆ. "ಅದು ನನ್ ಮಗಳು ಕಣ್ರೀ! ದಾರಿ ಬಿಡಿ, ನನ್ ಮಗಳು ಬರ್ತಿದಾಳೆ!" ಥಿಯೋ ಮಾಮ ಓಡುತ್ತಲೇ ಗದರಿದ, "ಸಾಕು ಮಾರಾಯ್ತಿ, ಇಡೀ ಊರಿಗೆ ಗೊತ್ತಾಯ್ತು." ಗೊತ್ತಾಗಲಿ ಎಂದೇ ಕೂಗಿದ್ದು.

ಈಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದೇನೆ. ನಾಳೆ ಸೋಮವಾರ, ಕಾರ್ನಿವಲ್. ಮರಗಾಲು ಮುಚ್ಚುವ ನಿನ್ನ ಷರಾಯಿಗೆ ಕಡುಗೆಂಪು ಬಟ್ಟೆ ಕತ್ತರಿಸಿದ್ದಾಯಿತು. ಒಂದೊಂದು ಕಾಲೂ ನಮ್ಮ ಹಜಾರದ ಉದ್ದಕ್ಕೆ ಹರಡಿಕೊಂಡಿದೆ. ಏಳುವಾಗ ತುಳಿಯಬೇಡ.

ನಿನ್ನ ತಲೆ ಮೋಡಕ್ಕೆ ತಾಗಲಿ, ಹೆಜ್ಜೆ ನೆಲ ಮರೆಯದಿರಲಿ.

ಕೆಳಗಿನಿಂದ ಕೂಗಲು ಸದಾ ಸಿದ್ಧಳಾದ,
ನಿನ್ನ ಅಮ್ಮ ಮರ್ವಾ