ನಿಮ್ಮ ಮೇಜಿನ ಮೇಲೆ ಕುಡಿಯದೆ ಬಿಟ್ಟ ಕಾಫಿ

ನಮ್ಮ ಪುರಸಭೆಯ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ಮೂತ್ರಕೋಶವನ್ನು ಹತೋಟಿಯಲ್ಲಿಡುವುದು ಹೇಗೆಂದು ಹನ್ನೆರಡು ಪುಟದ ಕರಪತ್ರ ಹಂಚಿದವರು ನೀವು. ಅದರ ಬೆನ್ನಿಗೇ ಬಸ್ ನಿಲ್ದಾಣದ ಒಂದೇ ಒಂದು ಶೌಚಾಲಯಕ್ಕೆ ಬೀಗ ಹಾಕಿಸಿದವರೂ ನೀವೇ. ಈ ಎರಡು ಆದೇಶಗಳಿಗೆ ಸಹಿ ಹಾಕಿದ್ದು ಒಂದೇ ಕೈಯೇ?

ನಾನು ಕಾಲೇಜು ಕಂಡವನಲ್ಲ. ಕಾರ್ಮಿಕ ಸಂಘದ್ದು, ನೀರಿನ ಹಕ್ಕಿನದ್ದು, ಹಲ್ಲಿನ ಆರೋಗ್ಯದ್ದು ಎಂದು ಕೈಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿ ಬೆಳೆದವನು. ನಿಮ್ಮದನ್ನು ನಾಲ್ಕು ಸಲ ಓದಿದ್ದೇನೆ. ಕರಪತ್ರ ಚೆನ್ನಾಗಿದೆ. ಅದರಂತೆ ನಡೆದವನಿಗೆ ಏನಾಯಿತು ಎಂಬುದೇ ನನ್ನ ದೂರು.

ನನ್ನ ಅಪ್ಪ ಇಪ್ಪತ್ತೇಳು ವರ್ಷ ರಾಜಧಾನಿ ಅಮ್ಮಾನಿಗೆ ಮಿನಿಬಸ್ ಓಡಿಸಿದವರು. ಎರಡು ವರ್ಷಗಳಿಂದ ಅರ್ಧ ಗಂಟೆಗೊಮ್ಮೆ ಅವಸರವಾಗಿ, ಮರುಭೂಮಿಯ ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿಯಬೇಕಾಗುತ್ತಿತ್ತು. "ಅಬೂ ಸಿನಾನ್, ಟ್ಯಾಂಕ್ ಚಿಕ್ಕದಿರೋದು ಬಸ್ಸಿಗೋ ನಿನಗೋ?" ಎಂದು ಹಿಂದಿನ ಸೀಟಿನವರು ಅಪ್ಪನನ್ನು ಕೆಣಕುತ್ತಿದ್ದರು. ವೈದ್ಯರು ಪರೀಕ್ಷೆ ಮಾಡಿ, ಸಕ್ಕರೆಯಿಲ್ಲ, ಸೋಂಕಿಲ್ಲ, ಮೂತ್ರಕೋಶಕ್ಕೆ ಆತುರ ಹೆಚ್ಚಾಗಿದೆ ಅಷ್ಟೇ ಎಂದರು. ನಿಮ್ಮ ಕರಪತ್ರವನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ.

ಅಪ್ಪ ಅದನ್ನು ಅಕ್ಷರಶಃ ಪಾಲಿಸಿದರು. ಕಾಫಿ ಬಿಟ್ಟರು, ಚಹಾ ಬಿಟ್ಟರು, ಟೊಮೆಟೊ, ನಿಂಬೆ, ಸೋಡಾ ಎಲ್ಲ ಬಿಟ್ಟರು. ನೀರು ಮಾತ್ರ ಬಿಡಲಿಲ್ಲ. ದಿನವಿಡೀ ಗುಟುಕು ಗುಟುಕಾಗಿ ಕುಡಿದರು. ಹೊಟ್ಟೆ ಕಟ್ಟದಂತೆ ಬೇಳೆ, ಸೊಪ್ಪು ತಿಂದರು. ಅವಸರ ಬಂದಾಗ ಓಡದೆ, ಕೂತಲ್ಲೇ ಕೆಳಹೊಟ್ಟೆಯಡಿಯ ಸ್ನಾಯು ಬಿಗಿಹಿಡಿದು ಅದು ಇಳಿಯುವವರೆಗೆ ಕಾದರು. ಹೋಗಿಬಂದ ಹೊತ್ತನ್ನೆಲ್ಲ ಸೀಮೆಸುಣ್ಣದಲ್ಲಿ ಸ್ಟೀರಿಂಗಿನ ಪಕ್ಕದಲ್ಲೇ ಬರೆದಿಟ್ಟರು. ಎರಡೇ ತಿಂಗಳಲ್ಲಿ ಅರ್ಧ ಗಂಟೆ ಎರಡು ಗಂಟೆಯಾಯಿತು. ಅಮ್ಮಾನಿಗೂ ಎರಡೇ ಗಂಟೆಯ ದಾರಿ. ದಾರಿಯ ಎರಡು ತುದಿಯಲ್ಲೂ ಒಂದೊಂದು ಶೌಚಾಲಯವಿದ್ದರೆ ಅಪ್ಪನ ಬದುಕು ನಡೆಯುತ್ತಿತ್ತು. ನೀವು ಈ ತುದಿಯದಕ್ಕೆ ಬೀಗ ಹಾಕಿಸಿ 'ದುರಸ್ತಿ' ಎಂದು ಬೋರ್ಡು ತೂಗಿಸಿದಿರಿ. ಅಂದಿನಿಂದ ಇಂದಿನವರೆಗೆ ಅಲ್ಲಿಗೆ ಒಬ್ಬ ಗಾರೆಯವನೂ ಬಂದಿಲ್ಲ.

ಇನ್ನು ಹಾಜಿ ಮಿತ್‌ಕಾಲ್ ಅವರ ಮನೆಯ ವಿಷಯ. ಅವರ ಮೊಮ್ಮಗಳನ್ನು ನಮ್ಮ ಚಿಕ್ಕಪ್ಪನ ಮಗನಿಗೆ ಕೇಳಲು ಹಿರಿಯರನ್ನೆಲ್ಲ ಅಪ್ಪನ ಬಸ್ಸಿನಲ್ಲೇ ಕರೆದೊಯ್ದಿದ್ದೆವು. ನೀವೂ ಅಲ್ಲಿದ್ದಿರಿ, ಹಾಜಿಯವರ ಬಲಗಡೆಯ ದಿಂಬಿಗೆ ಒರಗಿ. ಕಾಫಿ ಬಂತು. ಹೆಣ್ಣು ಕೇಳುವ ಹಿರಿಯ ಬಟ್ಟಲನ್ನು ಕೆಳಗಿಡುತ್ತಾನೆ, ಕೋರಿಕೆ ಈಡೇರುವವರೆಗೆ ಕುಡಿಯುವುದಿಲ್ಲ. ಇದು ಊರಿಗೇ ಗೊತ್ತು. ಅಪ್ಪನ ತಲೆಯಲ್ಲಿ ಮಾತ್ರ ಅವತ್ತು ಕಾಫಿ ಬಿಡಿ ಎನ್ನುವ ನಿಮ್ಮ ಮೂರನೆಯ ಪುಟವಿತ್ತು. ಹೆಣ್ಣು ಕೇಳಬೇಕಾಗಿದ್ದ ದೊಡ್ಡಪ್ಪನಿಗಿಂತ ಮೊದಲೇ, ಕಾಫಿ ನನಗೆ ಬೇಡ ಎಂದುಕೊಂಡು, ಅಪ್ಪ ಬಟ್ಟಲನ್ನು ಕೆಳಗಿಟ್ಟುಬಿಟ್ಟರು.

ಹಾಜಿಯವರು ಗಡ್ಡ ನೀವಿಕೊಂಡು, "ಏನಯ್ಯಾ ಅಬೂ ಸಿನಾನ್, ಹೆಣ್ಣು ಹುಡುಗನಿಗೋ, ನಿನಗೋ?" ಅಂದರು.

ಇಡೀ ಕೋಣೆ ನಕ್ಕಿತು. ನೀವೂ ನಕ್ಕಿರಿ. ಆ ಕರಪತ್ರ ಬರೆಸಿದವರು, ಇದಕ್ಕೆ ಒಂದೇ ವಾಕ್ಯದಲ್ಲಿ ಕಾರಣ ಹೇಳಬಹುದಾಗಿದ್ದವರು ಆ ಕೋಣೆಯಲ್ಲಿ ನೀವೊಬ್ಬರೇ. ಎಲ್ಲರೆದುರು ಮೂತ್ರದ ಮಾತೆತ್ತಲು ನಿಮಗೆ ನಾಚಿಕೆಯಾಯಿತೇ? ಹಾಗಾದರೆ ಅದನ್ನೇ ಸಾವಿರ ಪ್ರತಿ ಅಚ್ಚುಹಾಕಿಸಿದ್ದೇಕೆ?

ಮನೆತನದ ಮಾನ ಉಳಿಸಲು ಅಪ್ಪ ಬಟ್ಟಲೆತ್ತಿ ಕುಡಿದರು. ತಪ್ಪೊಪ್ಪಿಕೊಂಡಂತೆ ಇನ್ನೆರಡು ಬಟ್ಟಲು ಕುಡಿದರು. ವಾಪಸು ಬರುವಾಗ ಹಿರಿಯರು ತುಂಬಿದ ಬಸ್ಸನ್ನು ದಾರಿಯಲ್ಲಿ ನಿಲ್ಲಿಸಲು ಸಂಕೋಚಪಟ್ಟು, ನಿಲ್ದಾಣದವರೆಗೆ ತಡೆದುಕೊಂಡರು. ಇಳಿದು ಓಡಿದರು. ಆ ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರು. ಆಮೇಲೆ ಎಳೆಯುವುದನ್ನು ನಿಲ್ಲಿಸಿ ಅಲ್ಲೇ ನಿಂತರು. ಬಸ್ಸಿನಲ್ಲಿದ್ದ ಹಿರಿಯರೆಲ್ಲ ಇನ್ನೊಂದು ಬದಿಯ ಕಿಟಕಿಯತ್ತ ಮುಖ ತಿರುಗಿಸಿದರು. ದೊಡ್ಡ ಮನುಷ್ಯರು.

ಮರುದಿನ ಅಪ್ಪ ಬಸ್ಸಿನ ಕೀಲಿಯನ್ನು ಬೇರೊಬ್ಬ ಚಾಲಕನಿಗೆ ಕೊಟ್ಟು ಬಂದರು. ಹತ್ತೊಂಬತ್ತು ದಿನಗಳಿಂದ ಮನೆಯಲ್ಲೇ ಇದ್ದಾರೆ. ಈಗ ನೀರನ್ನೂ ಬಿಟ್ಟಿದ್ದಾರೆ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಕೋಶವನ್ನು ಇನ್ನಷ್ಟು ಕೆರಳಿಸುತ್ತದೆ ಎಂದು ನಿಮ್ಮ ಏಳನೆಯ ಪುಟವನ್ನೇ ಮತ್ತೆ ಓದಿ ಹೇಳಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಇಂದು ಬೆಳಿಗ್ಗೆ ಮಾತ್ರ ಎದ್ದು ಗಡ್ಡ ಹೆರೆದುಕೊಂಡು, "ನಡಿಯೋ, ಕಚೇರಿಗೆ ಹೋಗೋಣ" ಅಂದರು. ನೀವು ಇನ್ನೂ ಬಂದಿರಲಿಲ್ಲ. ನಿಮ್ಮ ಗುಮಾಸ್ತರು ಮರ್ಯಾದೆಯಿಂದ ಕಾಫಿ ತರಿಸಿದರು. ಅಪ್ಪ ಅದನ್ನು ನಿಮ್ಮ ಮೇಜಿನ ಮೇಲಿಟ್ಟರು. ಈ ಸಲ ಬೇಕೆಂದೇ ಇಟ್ಟರು. ಗುಮಾಸ್ತರಿಗೆ ಅರ್ಥವಾಯಿತು, ಕುರ್ಚಿಯಿಂದ ಎದ್ದು ನಿಂತರು.

"ಕುಡೀರಿ ಅಬೂ ಸಿನಾನ್, ಏನಾಗ್ಬೇಕು ಹೇಳಿ, ಮಾಡೋಣ."

"ಆ ಮಾತನ್ನ ಸಾಹೇಬರೇ ಹೇಳ್ಲಿ" ಅಂದರು ಅಪ್ಪ.

ಮಧ್ಯಾಹ್ನದವರೆಗೆ ಕಾದೆವು. ನೀವು ಬರಲಿಲ್ಲ. ನಿಮ್ಮ ಕಚೇರಿಯ ಶೌಚಾಲಯ ಸಿಬ್ಬಂದಿಗೆ ಮಾತ್ರವಂತೆ, ಹಾಗಾಗಿ ಹೊರಟೆವು.

ಬಟ್ಟಲು ಅಲ್ಲೇ ಇದೆ, ತಣ್ಣಗಾಗಿದೆ. ಅದನ್ನು ಚೆಲ್ಲಿಸಿ ತೊಳೆಸಬೇಡಿ. ಅದೇ ನಮ್ಮ ಅರ್ಜಿ. ನಿಲ್ದಾಣದ ಬೀಗ ತೆಗೆಸಿ, ನೀರು ಹರಿಸಿ, ಬೆಳಗಿನ ಮೊದಲ ಬಸ್ಸಿನಿಂದ ಕೊನೆಯ ಬಸ್ಸಿನವರೆಗೆ ಬಾಗಿಲು ತೆರೆದಿಡಿ. ಆಮೇಲೆ ನಮ್ಮ ಮನೆಗೆ ಬಂದು, ಇನ್ನು ಕುಡಿಯಬಹುದು ಎಂದು ಅಪ್ಪನಿಗೆ ನೀವೇ ಹೇಳಿ. ಅಪ್ಪ ಕಾಫಿಯನ್ನಂತೂ ಕುಡಿಯುವುದಿಲ್ಲ, ಅದಕ್ಕೆ ನಿಮ್ಮ ಮೂರನೆಯ ಪುಟದ ಅಪ್ಪಣೆಯಿಲ್ಲ. ಕಾಫಿ ನಾನು ಕುಡಿಯುತ್ತೇನೆ. ಅಪ್ಪ ಒಂದು ಲೋಟ ನೀರು ಕುಡಿದರೆ ಸಾಕು.

ಇಂತಿ,
ನಿಮ್ಮ ಕರಪತ್ರವನ್ನು ನಂಬಿ ಅಪ್ಪನಿಗೆ ಓದಿ ಹೇಳುವ ತಪ್ಪು ಮಾಡಿದ,
ಮಿನಿಬಸ್ ಚಾಲಕನ ಮಗ ಸಿನಾನ್