ಮಗನನ್ನೂ ಇಲ್ಲಿಗೇ ತಂದೆ

ಮನ್ಮಥಪ್ಪ,

ಗಂಡನ ಹೆಸರು ಹಿಡಿಯಬಾರದೆಂದು ನನಗೆ ಕಲಿಸಿದ್ದರು. ಈ ಪತ್ರವನ್ನು ನೀವಿರುವ ಉದಗೀರಕ್ಕೆ ನಾನು ಕಳಿಸುವುದಿಲ್ಲ, ಹಾಗಾಗಿ ಹಿಡಿಯುತ್ತೇನೆ.

ನಮ್ಮ ಮಗಳು ಮಾಣಿಕಳ ಸೊಂಟದ ಕೀಲು ಕೀವುಗಟ್ಟಿದಾಗ, "ಕಿರಿಸ್ತಾನರ ದವಾಖಾನ್ಯಾಗ ನೀರು ಕುಡದ ಹುಡಿಗಿ ನನ್ನ ಮನಿಗೆ ಬ್ಯಾಡ" ಎಂದಿರಿ. ನಿಜಾಮರ ಸರಹದ್ದು ದಾಟಿ ಅವಳನ್ನು ಸೊಲ್ಲಾಪುರದ ಈ ಮಿಶನ್ ದವಾಖಾನೆಗೆ ಒಯ್ದೆ. ವರ್ಷಕ್ಕೂ ಹೆಚ್ಚು ಕಾಲ ಅವಳು ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದಳು. ಅವಳ ಮಂಚದ ಪಕ್ಕ ಕೂತೇ ನಾನು ಅಕ್ಷರ ಕಲಿತೆ. ಅಷ್ಟರಲ್ಲಿ ನೀವು ಕಾಂತಾಬಾಯಿಯನ್ನು ಮದುವೆಯಾದಿರಿ.

ಹೋದ ಸೋಮವಾರ ಆ ಕಾಂತಾಬಾಯಿ ಗುಂಜೋಟಿಗೆ, ನನ್ನ ತವರುಮನೆಗೆ ಬಂದಳು. ಹೆಗಲ ಮೇಲೆ ನಿಮ್ಮ ಮಗ. ಅವನಿಗೂ ಅದೇ ಬೇನೆ.

"ಅಕ್ಕಾ, ಇವಗೂ ಅವರು ಅದೇ ಮಾತಂದ್ರು. ದವಾಖಾನಿಗೆ ಕರಕೊಂಡು ನಡೀರಿ" ಎಂದು ಅತ್ತಳು.

"ಬರ್ತೀನಿ. ಆದ್ರ ತಿರುಗಿ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲಂತ ಕೂಸಿನ ಆಣಿ ಮಾಡು."

ಆಣೆ ಮಾಡಿದಳು. ಗಾಡಿ ಕಟ್ಟಿಸಿದೆ; ಮಾಣಿಕಳೂ ಹತ್ತಿದಳು.

ಇವತ್ತು ಅವನನ್ನು ಇಲ್ಲಿ ಸೇರಿಸಿದೆವು. ಮಾಣಿಕಳ ಹಾಗೆ ಕುಂಟುತ್ತಾದರೂ ನಡೆಯುತ್ತಾನೆ ಎಂದಿದ್ದಾರೆ ಡಾಕ್ಟರು. ಇನ್ನು ಮೇಲೆ ನಿಮ್ಮ ಪೂಜೆಯ ಮಡಿನೀರನ್ನು ನೀವೇ ಸೇದಿಕೊಳ್ಳಿ. ನನ್ನ ಹೊಟ್ಟೆ ತಣ್ಣಗಾಗಿದೆ.

ಸಂಜೆ ಹುಡುಗ ಕೇಳಿದ, "ಅಪ್ಪ ಯಾವಾಗ ಬರ್ತಾನ?"

ಮಾಣಿಕ ಅವನ ತಲೆ ಸವರುತ್ತ, "ನಮಗ ಅಪ್ಪ ಇಲ್ಲೋ ತಮ್ಮಾ" ಎಂದಳು.

ಹಾಗೆ ಹೇಳೆಂದು ನಾನು ಅವಳಿಗೆ ಕಲಿಸಿರಲಿಲ್ಲ. ತಡೆಯಲೂ ಇಲ್ಲ. ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದೆ.

ಪ್ರಯಾಗಬಾಯಿ