ಗೋಡೆಹೂಂ

...ಕೆಟ್ಟವನಿಲ್ಲದೆ ಕಥೆಯಿಲ್ಲ ಎಂದೋ, ಕೇಳುವವರಿಲ್ಲದೆ ಕೆಟ್ಟವನಿಲ್ಲ ಎಂದೋ, ನೀವು ಎಲ್ಲೋ ಅಂದಿದ್ದಿರಿ. ಎರಡರಲ್ಲಿ ಯಾವುದೆಂದು ಬೆಳಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ. ನೀವು ಬರೆದ ರಾಕ್ಷಸರಾಜರ ಕಾದಂಬರಿಗಳು ತಲೆಮಾರುಗಳನ್ನು ದಾಟಿ, ಅಂಚು ಸವೆದು ನಮ್ಮವರೆಗೂ ಬಂದಿವೆ. ಬರೆಯುವ ಕನ್ನಡವನ್ನು ಅವುಗಳಿಂದಲೇ ಕಲಿತವನು ನಾನು. ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ಇಂದು ಇಲ್ಲಿ ಫೆಬ್ರುವರಿ ನಲವತ್ತೊಂದು. ತಾರೀಕು ತಪ್ಪಿ ಬರೆದದ್ದಲ್ಲ. ಹೀಗೇಕೆ ಆಯಿತು ಎಂದು ಹೇಳುವುದಕ್ಕೇ ಈ ಕಾಗದ.

ನಮ್ಮ ಊರು ಒಂದು ಅಣೆಕಟ್ಟೆಯ ತಳದಲ್ಲಿದೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೇ ಅದರ ನೀರು ಬತ್ತಿತು. ಮೀನು ಓಡಾಡುತ್ತಿದ್ದಲ್ಲಿ ಈಗ ನಾವು ಜೋಳ ಬೀಸುತ್ತೇವೆ, ಬಟ್ಟೆ ಹರವುತ್ತೇವೆ. ಮಕ್ಕಳು ಮಣ್ಣು ಕೆದಕಿ ಚಿಪ್ಪು ಆರಿಸುತ್ತಾರೆ. ಅಣೆಕಟ್ಟೆಯ ಗೋಡೆಯ ಮೇಲೆ, ಕತ್ತು ನೋಯುವಷ್ಟು ಎತ್ತರದಲ್ಲಿ, ಒಂದು ಬಿಳಿಯ ಗೆರೆಯಿದೆ. ನೀರ್ಗೆರೆ ಎನ್ನುತ್ತೇವೆ, ಹಿಂದೆ ನೀರು ಅಲ್ಲಿಯವರೆಗೆ ನಿಲ್ಲುತ್ತಿತ್ತಂತೆ. ನಂಬುವವರು ಕಡಿಮೆ. ಈಗಿರುವುದು ಗೋಡೆಯ ಬುಡದಲ್ಲಿ ಒಂದು ಬಾವಿ. ಸಂಜೆ ಕೊಡ ತುಂಬಿಕೊಂಡು ಎಲ್ಲರೂ ಅಲ್ಲೇ ಕೂರುತ್ತೇವೆ, ಊರೆಲ್ಲ ಕಾಕಾ ಎಂದು ಕರೆಯುವವನು ಕಥೆ ಹೇಳುತ್ತಾನೆ. ಬಾವಿಯ ಕೀಲಿ ಅವನ ಕೈಯಲ್ಲಿದೆ. ಕೊಟ್ಟವರು ನಾವೇ, ಕಥೆ ಚೆನ್ನಾಗಿ ಹೇಳುತ್ತಾನೆಂದು.

ಕಥೆ ಕೇಳುವವರು ಹೂಂಗುಟ್ಟಬೇಕೆಂಬ ಪದ್ಧತಿ ನಿಮ್ಮ ಕಾಲದಿಂದ ಬಂದದ್ದು. ನಾವು ಹೂಂ ಎಂದರೆ ಗೋಡೆಯೂ ಸ್ವಲ್ಪ ತಡೆದು ಹೂಂ ಎನ್ನುತ್ತದೆ. ಅದು ಗೋಡೆಹೂಂ. ನಮ್ಮದಕ್ಕಿಂತ ದೊಡ್ಡದು. ಅದು ಕಿವಿಗೆ ಬಿದ್ದ ಮೇಲೆ, ಉಳಿದವರೆಲ್ಲ ಒಪ್ಪಿದ್ದಾರೆಂದು ಪ್ರತಿಯೊಬ್ಬನಿಗೂ ಅನ್ನಿಸುತ್ತದೆ.

ಈ ಬೇಸಿಗೆ ಬಾವಿಯ ತಳ ಕಂಡಿತು. ಕಾಕಾ ಒಬ್ಬ ನೀರುಗಳ್ಳನ ಕಥೆ ಶುರುಮಾಡಿದ. ಕಳ್ಳನಿಗೆ ಎರಡು ನಾಲಿಗೆ, ಬೆನ್ನ ತುಂಬ ಮುಳ್ಳು. ಮಕ್ಕಳು ಕಿರುಚಿ ನಕ್ಕವು. ಅವನು ಸಿಗುವವರೆಗೆ ಆ ಊರಿನಲ್ಲಿ ಫೆಬ್ರುವರಿ ಮುಗಿಯಲೇ ಇಲ್ಲ ಎಂದ. ಹೂಂ ಎಂದೆವು. ತಿಂಗಳು ಕಳೆದಾಗ ನಮ್ಮಲ್ಲಿ ಯಾರೂ ಮಾರ್ಚ್ ಎನ್ನಲಿಲ್ಲ. ಆಮೇಲೊಂದು ಸಂಜೆ ಕಥೆಯ ಕಳ್ಳ ಕುಂಟತೊಡಗಿದ. ನಮ್ಮಲ್ಲಿ ಕುಂಟುತ್ತಿದ್ದವನು ಹಗ್ಗ ಹೊಸೆಯುವ ಗೂಳಪ್ಪ. ಬೆಳಿಗ್ಗೆ ಅವನ ಮನೆ ಖಾಲಿ. ಬಾಗಿಲನ್ನು ಯಾರೋ ಉರುವಲಿಗೆ ಕಿತ್ತುಕೊಂಡೂ ಆಗಿತ್ತು. ಕಾಕಾ ಇನ್ನೂ ನಿದ್ದೆಯಿಂದ ಎದ್ದಿರಲಿಲ್ಲ. ಪಕ್ಕದ ಮನೆಯ ಶಂಕ್ರವ್ವನ ಮಗನ ಅಂಗೈ ಮಾತ್ರ ಹಗ್ಗ ಎಳೆದಂತೆ ಸುಲಿದಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಾಯಿತು. “ಕಾಕಾ ಕತಿ ಹೇಳ್ಯಾನ, ಅಷ್ಟ. ನೀ ಯಾಕ ಮಾರಿ ಗಂಟು ಹಾಕ್ಕೊಂಡಿ? ಕತಿಗೆ ಹೂಂ ಅಂದ್ರ ನಿನ್ನ ಹಲ್ಲು ಉದುರ್ತಾವೇನು?” ಎಂದಳು. ಸುತ್ತ ನಿಂತವರು ನಕ್ಕರು. ನಗು ಬರುವಂತೆಯೇ ಹೇಳಿದ್ದಳು.

ಬಾವಿಯಲ್ಲಿ ನೀರು ಏರಲಿಲ್ಲ. ಹಾಗಾದರೆ ಕಳ್ಳ ಇನ್ನೂ ಇದ್ದಾನೆ ಎಂದು ಕಾಕಾ ಕಥೆ ಮುಂದುವರಿಸಿದ.

ಆಗ ನಿಮ್ಮ ಪುಸ್ತಕಗಳನ್ನು ಮತ್ತೆ ತೆರೆದೆ. ರಾಕ್ಷಸರಾಜನಿಗೆ ನೀವು ಕಪ್ಪು ಕೋಟೆ ಕೊಟ್ಟಿದ್ದೀರಿ, ತಾಯಿಯ ಶಾಪ ಕೊಟ್ಟಿದ್ದೀರಿ, ಬಾಲ್ಯದಲ್ಲೊಂದು ಗಾಯ. ಆ ಕೋಟೆಗೆ ಹಿಟ್ಟು ಹೊತ್ತವರು ಯಾರೆಂದು ಹುಡುಕಿದೆ. ಅವನ ನಿಲುವಂಗಿ ಹೊಲಿದವನನ್ನು, ಅವನ ತಮಾಷೆಗೆ ಮೊದಲು ನಕ್ಕವನನ್ನು ಹುಡುಕಿದೆ. ಊರಿನ ಜನ ಬರುವುದು ‘ಭಯದಿಂದ ನಡುಗಿದರು’ ಎಂಬ ಒಂದೇ ಸಾಲಿನಲ್ಲಿ. ನಾವು ನಡುಗಲಿಲ್ಲ. ಬಹಳ ದಿನ ನಮಗೆ ಚೆನ್ನಾಗಿಯೇ ಇತ್ತು. ಕೋರೆಹಲ್ಲಿನವನನ್ನು ಕಂಡರೆ ಗುರುತಿಸುತ್ತೇವೆಂದು ಧೈರ್ಯವಾಗಿದ್ದೆವು; ನೆಗಡಿಯಾದರೆ ನಮ್ಮ ಮನೆಯಿಂದ ಕಷಾಯ ತರಿಸಿಕೊಳ್ಳುವ ಕಾಕಾ ಅಂಥವನಾಗಿ ಕಾಣಲಿಲ್ಲ.

ನಿನ್ನೆ ಸಂಜೆ ಕಳ್ಳ ಎಡಗೈಯಲ್ಲಿ ನೀರು ಸೇದಿದ. ನನ್ನ ಹೆಂಡತಿ ಇಂದ್ರವ್ವ ಎಡಗೈಯವಳು. ಕಥೆಯಲ್ಲಿ ಮುಳುಗಿದ್ದ ಅವಳು ಎಲ್ಲರೊಡನೆ ತಾನೂ ಹೂಂ ಎಂದುಬಿಟ್ಟಳು. ಗೋಡೆ ಅದನ್ನು ತಿರುಗಿ ಹೇಳುವಷ್ಟರಲ್ಲಿ ಅರ್ಥವಾಗಿ, ಕೊಡವನ್ನು ಬಲಗೈಗೆ ಬದಲಾಯಿಸಿದಳು. ಶಂಕ್ರವ್ವ ನೋಡಿದಳು; ನೋಡಿ, ಸ್ವಲ್ಪ ಸರಿದು ಕೂತಳು.

ಬೆಳಿಗ್ಗೆಯಿಂದ ಇಂದ್ರವ್ವ ಬಲಗೈಯಲ್ಲಿ ರೊಟ್ಟಿ ಬಡಿಯಲು ಕಲಿಯುತ್ತಿದ್ದಾಳೆ. ಎಲ್ಲವೂ ಹರಿಯುತ್ತಿವೆ. “ನೀ ಸುಮ್ಮನ ಕುಂತ್ರ ನಿನ್ನೂ ಒಯ್ತಾರ. ಹೂಂ ಅಂದುಬಿಡು,” ಎಂದಳು, ನನ್ನತ್ತ ನೋಡದೆ. ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡುತ್ತ, “ಮಾರ್ಚ್ ಆದ್ರೂ ಬರ್ತದ,” ಎಂದು ನಗಲು ನೋಡಿದಳು.

ಗೋಡೆಯ ನೆರಳು ಈಗ ನಮ್ಮ ಹೊಸ್ತಿಲಿಗೆ ಬಂದಿದೆ. ಶಂಕ್ರವ್ವನ ಮಗ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಾವಿಯ ಕಡೆ ಹೋದ. ನೀವಿನ್ನೂ ಬರೆಯುತ್ತಿದ್ದರೆ, ಮುಂದಿನ ರಾಕ್ಷಸನಿಗೆ ಕೋಟೆ ಕಟ್ಟುವ ಮೊದಲು ಅವನೆದುರು ಕೂತವರನ್ನು ಬರೆಯಿರಿ, ಒಬ್ಬೊಬ್ಬರನ್ನೂ, ಹೆಸರು ಹಿಡಿದು. ಓದಿದವರಿಗೆ ತಮ್ಮ ಗುರುತಾದರೂ ಸಿಗಲಿ. ಇಂದು ಸಂಜೆ ನಾನು ಇಂದ್ರವ್ವನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ನಿಮ್ಮ ಕಾಲದಲ್ಲಿ, ಕೇಳುವವರು ಹೂಂಗುಟ್ಟುವುದನ್ನು ಬಿಟ್ಟರೆ ಹೇಳುವವರು ಕಥೆ ನಿಲ್ಲಿಸುತ್ತಿದ್ದರಂತೆ. ಒಬ್ಬನೇ ಬಿಟ್ಟರೂ ನಿಲ್ಲಿಸುತ್ತಿದ್ದರೇ?